ಅಳತೆ ಟೇಪಿನ ಇನ್ನೊಂದು ತುದಿ

"ನಲವತ್ತೊಂಬತ್ತೂವರೆ," ಎಂದಳು ಟೇಲರಮ್ಮ. ಅಡುಗೆಮನೆಯ ಕಟ್ಟೆಯ ಮೇಲೆ ಮಂಡಿಯೂರಿ, ಕಿಟಕಿಯ ಚೌಕಟ್ಟಿಗೆ ಟೇಪು ಒತ್ತಿ ಹಿಡಿದಿದ್ದಳು.

"ಇನ್ನೊಂದು ಸಲ ನೋಡಿ."

"ಇಪ್ಪತ್ತಾರು ವರ್ಷದಿಂದ ಜನರ ಸೊಂಟ ಅಳೀತಿದೀನಿ ಮೇಡಂ. ಸೊಂಟ ಉಸಿರಾಡುತ್ತೆ, ಒಳಗೆ ಎಳ್ಕೊಳ್ಳುತ್ತೆ, ಸುಳ್ಳೂ ಹೇಳುತ್ತೆ. ಪಾಪ, ಕಿಟಕಿ ಏನ್ ಮಾಡೀತು?"

ಕಿಟಕಿ ಏನೂ ಮಾಡಿರಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ಕಾಗದ ಬೇರೆಯದನ್ನೇ ಹೇಳುತ್ತಿತ್ತು. ಸಾಲ ಕೊಡುವ ಮುಂಚೆ ಬ್ಯಾಂಕಿನ ಪರವಾಗಿ ಹೋಗಿ ಮನೆ ಅಳೆದು ಬೆಲೆ ಕಟ್ಟುವ ಮನುಷ್ಯನನ್ನು ವ್ಯಾಲ್ಯುಯರ್ ಎನ್ನುತ್ತಾರೆ. ಅಂಥವರೊಬ್ಬರು ಈ ಮನೆಯ ಬಗ್ಗೆ ಬರೆದ ವರದಿಯ ನಕಲು ಅದು. ಅಡುಗೆಮನೆಯ ಕಿಟಕಿ, ಮೂರು ಅಡಿ ಎರಡು ಇಂಚು. ಅಂದರೆ ಮೂವತ್ತೆಂಟು. ಉಳಿದ ಹನ್ನೊಂದೂವರೆ ಇಂಚು ಎಲ್ಲಿಗೆ ಹೋಯಿತು?

ಟೇಲರಮ್ಮ ಕಟ್ಟೆಯಿಂದ ಇಳಿದು ತನ್ನ ಪುಟ್ಟ ಪುಸ್ತಕದಲ್ಲಿ ನಲವತ್ತೊಂಬತ್ತು ಎಂದು ಬರೆದು, ಅದರ ತಲೆಯ ಮೇಲೆ ಒಂದು ಚುಕ್ಕೆ ಇಟ್ಟಳು.

"ಚುಕ್ಕೆ ಯಾಕೆ?"

"ಮೇಲೆ ಚುಕ್ಕೆ ಅಂದ್ರೆ ಅರ್ಧ ಇಂಚು. ಕೆಳಗೆ ಗೀಟು ಅಂದ್ರೆ ಕಾಲು. ಎರಡೂ ಇದ್ರೆ ಮುಕ್ಕಾಲು. ಬಟ್ಟೆಗೆ ಪಿನ್ ಹಾಕೋ ಚೀಟಿ ಇಷ್ಟೇ ಇಷ್ಟು ಇರುತ್ತೆ, ಅದ್ರಲ್ಲಿ ಭಿನ್ನರಾಶಿ ಬರ್ಕೊಂಡು ಕೂರೋಕಾಗುತ್ತಾ? ನಾನೇ ಮಾಡ್ಕೊಂಡಿದ್ದು."

ನಾನು ವರದಿಯ ಎರಡನೇ ಹಾಳೆ ತಿರುವಿದೆ. ಅಲ್ಲಿ ವ್ಯಾಲ್ಯುಯರ್ ಕೈಯಿಂದಲೇ ಬರೆದ ಪುಟ್ಟ ನಕ್ಷೆಯೊಂದಿತ್ತು. ಮುಂಬಾಗಿಲು ದಾಟಿದರೆ ಬಲಕ್ಕೆ ಅಡುಗೆಮನೆ. ನಾವು ಮುಂಬಾಗಿಲು ದಾಟಿ ಎಡಕ್ಕೆ ತಿರುಗಿ ಬಂದಿದ್ದೆವು. ಅದನ್ನು ಬಾಯಿಬಿಟ್ಟು ಹೇಳಿದೆ. ಟೇಲರಮ್ಮ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು, ಎಡ ಬಲ ಯಾವುದೆಂದು ಖಾತ್ರಿ ಮಾಡಿಕೊಳ್ಳುವವಳಂತೆ.

ಬ್ಯಾಂಕಿನ ಗೃಹಸಾಲದ ಮೇಜಿನ ಹಿಂದೆ ಹತ್ತೊಂಬತ್ತು ವರ್ಷ ಕೂತು ಎದ್ದವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ ಮನೆ ಕೊಳ್ಳುವವರ ಕಾಗದ ನೋಡಿಕೊಡುತ್ತೇನೆ. ಕಾಗದದ ಹಿಂದೆ ಕಳ್ಳ ಅಡಗಿದ್ದರೆ ಅವನನ್ನೂ ನೋಡಿಕೊಳ್ಳುತ್ತೇನೆ. ಬ್ಯಾಂಕಿನವರು ಬೆನ್ನ ಹಿಂದೆ ನನ್ನನ್ನು ಭೂತಗನ್ನಡಿ ಎನ್ನುತ್ತಾರೆ. ನಮ್ಮ ಯಜಮಾನರು ಮುಖಕ್ಕೇ ಎನ್ನುತ್ತಾರೆ.

ಈ ವರದಿಯನ್ನು ನಿನ್ನೆ ಬ್ಯಾಂಕಿನ ನನ್ನ ಹಳೆಯ ಸಹಾಯಕಿ ನನ್ನ ಕೈಗೆ ತುರುಕಿ, "ನಾನು ಕೊಟ್ಟಿಲ್ಲ, ನೀವು ತಗೊಂಡಿಲ್ಲ," ಎಂದು ಹೇಳಿ ಮಾಯವಾಗಿದ್ದಳು. ಕೀಲಿ ಮಾತ್ರ ಏಜೆಂಟೇ ಕೊಟ್ಟದ್ದು. ಪರದೆಗೆ ಅಳತೆ ತೆಗೆಯಬೇಕು ಎಂದು ಟೇಲರ್ ಒಬ್ಬಳು ಕೇಳಿದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಆ ಏಜೆಂಟಿಗೆ ನಾನು ಬೆಣ್ಣೆ ಎಂದು ಹೆಸರಿಟ್ಟಿದ್ದೆ. ಮಾತೆಲ್ಲ ಅಷ್ಟು ನುಣ್ಣಗೆ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಾಲದ ಚೆಕ್ಕು ಬ್ಯಾಂಕಿನಿಂದ ಹೊರಬೀಳುವುದಿತ್ತು. ಮಾರುವವರು ದೂರದ ದೇಶದಲ್ಲಿದ್ದಾರಂತೆ. ಅವರ ಪರವಾಗಿ ಸಹಿ ಹಾಕುವ ಅಧಿಕಾರ ಬೆಣ್ಣೆಯದು.

ಇಲ್ಲಿ ಹೋಗುವುದು ಬರೀ ಹಣವಾಗಿದ್ದರೆ ನಾನು ಇಷ್ಟು ಗಾಬರಿಯಾಗುತ್ತಿರಲಿಲ್ಲ. ಟೇಲರಮ್ಮ ಕೊಟ್ಟ ಮುಂಗಡ ಅವಳ ಒಬ್ಬನೇ ತಮ್ಮನ ಜೀವದ ಬೆಲೆ. ಹಡಗಿನಲ್ಲಿ ಕೆಲಸಕ್ಕಿದ್ದವನು ಸಮುದ್ರದ ಪಾಲಾದ. ಶವವೂ ಸಿಗಲಿಲ್ಲ. ಕಂಪನಿಯವರು ಪರಿಹಾರ ಕೊಟ್ಟು ಕೈತೊಳೆದುಕೊಂಡರು. ಆ ಹಣವನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ಅಕ್ಕ, ಕೊನೆಗೆ ಅವನ ನೆನಪಿಗೆ ಒಂದು ಸೂರಾದರೂ ಆಗಲಿ ಎಂದು ಬೆಣ್ಣೆಯ ಕೈಗಿಟ್ಟಿದ್ದಳು. ಸಂಬಳದ ಚೀಟಿ ಇಲ್ಲದ ಟೇಲರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿ ಜೊತೆ ಸಾಲಗಾರಳಾಗಿ ನಿಂತಿದ್ದಳು.

ಮೋಸ ಎಂದು ತೋರಿಸಲಾಗದೆ ಸುಮ್ಮನೆ ಹಿಂದೆ ಸರಿದರೆ ಕರಾರಿನ ಪ್ರಕಾರ ಮುಂಗಡ ಮುಳುಗಿತು. ಸರಿಯದೆ ತಪ್ಪು ಮನೆ ಕೊಂಡರೂ ಮುಳುಗಿತು. ನನ್ನ ಕೈಯಲ್ಲಿದ್ದುದು ಒಂದೇ ಹಗಲು, ಅದರಲ್ಲೂ ಅರ್ಧ ಆಗಲೇ ಖರ್ಚಾಗಿತ್ತು.

"ಹೊರಗೆ ಬನ್ನಿ," ಎಂದೆ.

ಬೀದಿಗೆ ಇಳಿದು ಮನೆಯನ್ನು ದೂರದಿಂದ ನೋಡಿದೆವು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಮನೆ. ಒಬ್ಬನೇ ಮೇಸ್ತ್ರಿ ಒಂದೇ ವರ್ಷ ಕಟ್ಟಿದ ಜೋಡಿ ಮನೆಗಳು. ನಡುವಿನ ಗೋಡೆಯಲ್ಲಿ ಕನ್ನಡಿ ಇಟ್ಟ ಹಾಗೆ ಒಂದಕ್ಕೊಂದು ಉಲ್ಟಾ. ಇದರ ಮೆಟ್ಟಿಲು ಎಡಕ್ಕಿದ್ದರೆ ಅದರದ್ದು ಬಲಕ್ಕೆ. ಇದಕ್ಕೆ ಹೊಸ ಬಣ್ಣ, ಅಗಲವಾದ ಹೊಸ ಕಿಟಕಿ. ಅದರ ಬಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು, ಮುಂಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬೆರಳು ತೂರುವಷ್ಟು ದೊಡ್ಡ ಬಿರುಕು. ಕಿಟಕಿಗಳೆಲ್ಲ ಮುಚ್ಚಿದ್ದವು.

ನಾವು ನಿಂತ ಮನೆಯ ಗೇಟಿನ ಮೇಲೆ ಹನ್ನೆರಡು ಎಂಬ ಹಿತ್ತಾಳೆ ಫಲಕ. ಪಕ್ಕದ್ದರ ಮೇಲೆ ಹದಿನಾಲ್ಕು. ಕಾಗದದಲ್ಲಿರುವುದು ಹನ್ನೆರಡು. ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು.

ನಾನು ಕನ್ನಡಕ ಒರೆಸಿಕೊಂಡು ಫಲಕದ ಹತ್ತಿರ ಮೂಗು ಇಟ್ಟೆ. ಹಿತ್ತಾಳೆ ಹಳೆಯದು, ಕಪ್ಪಗಾಗಿದೆ. ಅದನ್ನು ಹಿಡಿದ ಸ್ಕ್ರೂಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿವೆ. ಅವುಗಳ ತಲೆಯ ಗೆರೆ ಸವೆದು ಬಾಯಿ ಬಿಟ್ಟಿದೆ. ಒಂದು ಸಲ ಬಿಗಿದು ಬಿಟ್ಟ ಸ್ಕ್ರೂ ಹಾಗೆ ಸವೆಯುವುದಿಲ್ಲ. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದರೆ ಮಾತ್ರ ಸವೆಯುತ್ತದೆ. ಪಕ್ಕದ ಗೇಟಿಗೆ ಹೋಗಿ ನೋಡಿದೆ. ಅಲ್ಲೂ ಅದೇ ಕತೆ.

"ಯಾರೋ ಈ ಎರಡು ನಂಬರುಗಳನ್ನ ಬೇಕಾದಾಗ ಬೇಕಾದ ಕಡೆ ಹಾಕ್ತಿದಾರೆ," ಎಂದೆ. "ನಿಮಗೆ ತೋರಿಸೋವಾಗ ಹನ್ನೆರಡು ಇಲ್ಲಿ. ಬ್ಯಾಂಕಿನೋರು ಅಳೆಯೋಕೆ ಬಂದಾಗ ಹನ್ನೆರಡು ಅಲ್ಲಿ."

"ಅಂದ್ರೆ ನಂಗೆ ತೋರ್ಸಿದ್ದು ಇದು, ಕೊಡೋದು ಅದು?"

"ಹೌದು."

ಟೇಲರಮ್ಮ ಬಿರುಕಿನ ಕಡೆ ನೋಡಿದಳು. ಅವಳು ಗೊಣಗುವ ಜಾತಿಯವಳಲ್ಲ. "ಒಳ್ಳೆ ಬಟ್ಟೆ ತೋರ್ಸಿ ಚಿಂದಿ ಕಟ್ಟಿಕೊಡೋ ಅಂಗಡಿಯೋರನ್ನ ನೋಡಿದೀನಿ," ಎಂದಳು. "ಮನೆಯಲ್ಲೂ ಹೀಗೆ ಮಾಡ್ತಾರೆ ಅಂತ ಗೊತ್ತಿರಲಿಲ್ಲ. ನನ್ನ ಸಹಿ ಇಲ್ದೆ ಚೆಕ್ಕು ಕೊಡಲ್ವಲ್ಲ ಮೇಡಂ?"

"ಕೊಡಲ್ಲ. ಸಾಲಗಾರರು ಇಬ್ಬರು, ಸಹಿನೂ ಎರಡು."

ನಾನು ಬೆಣ್ಣೆಗೆ ಫೋನು ಮಾಡಿ, ಏನೂ ಅರಿಯದವಳ ಹಾಗೆ, ವರದಿಯಲ್ಲಿ ಅಡುಗೆಮನೆ ಬಲಕ್ಕೆ ಬಂದಿದೆಯಲ್ಲ ಎಂದು ಕೇಳಿದೆ.

"ಅಯ್ಯೋ ಮೇಡಂ, ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋತೀರಾ? ಆ ವ್ಯಾಲ್ಯುಯರಿಗೆ ವಯಸ್ಸಾಗಿದೆ. ಎಡ ಬಲ ಅದಲು ಬದಲು ಬರೆದಿರ್ತಾರೆ. ಕಾಗದ ಪಕ್ಕಾ ಇದ್ಯಲ್ಲ, ನಾಳೆ ಹನ್ನೊಂದಕ್ಕೆ ಬನ್ನಿ, ಎಲ್ಲರೂ ಸಿಹಿ ತಿನ್ನೋಣ."

ವರದಿ ನನಗೆ ಹೇಗೆ ಸಿಕ್ಕಿತು ಎಂದು ಅವನು ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳದ ಮನುಷ್ಯನ ಬಗ್ಗೆ ನನಗೆ ಯಾವಾಗಲೂ ಗುಮಾನಿ.

ವ್ಯಾಲ್ಯುಯರ್ ಆಫೀಸು ಅಲ್ಲಿಂದ ಹತ್ತು ನಿಮಿಷದ ದಾರಿ, ನಲ್ಲಿ ಮತ್ತು ಸಿಂಕು ಮಾರುವ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗ ನನ್ನ ಎಡ ಮಂಡಿ ಪ್ರತಿ ಮೆಟ್ಟಿಲಿಗೂ ತನ್ನ ಅಭಿಪ್ರಾಯ ಹೇಳಿತು.

ಅರವತ್ತು ದಾಟಿದ ಮನುಷ್ಯ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಗೋಡೆಯ ಮೊಳೆಗಳಿಗೆ ಹಳೆಯ ಸ್ಟೀಲು ಟೇಪುಗಳನ್ನು ಸಾಲಾಗಿ ನೇತುಹಾಕಿದ್ದರು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದರು. ಗುರುತು ಹಿಡಿದದ್ದಕ್ಕೆ ಸಂತೋಷಪಟ್ಟ ಹಾಗೆ ಕಾಣಲಿಲ್ಲ.

"ನೀವು ಬ್ಯಾಂಕು ಬಿಟ್ಟಾಯ್ತಲ್ಲ."

"ಬ್ಯಾಂಕು ನನ್ನನ್ನ ಬಿಟ್ಟಿಲ್ಲ," ಎಂದು ಹೇಳಿ ಕುರ್ಚಿ ಎಳೆದುಕೊಂಡೆ. "ಹನ್ನೆರಡನೇ ನಂಬರು ಮನೆ ನೀವೇ ಅಳೆದಿದ್ದಾ?"

"ನನ್ನ ವರದಿ ಬ್ಯಾಂಕಿಗೆ ಮಾತ್ರ. ಹೊರಗಿನೋರ ಹತ್ರ ಮಾತಾಡಲ್ಲ."

"ಇವರು ಹೊರಗಿನೋರಲ್ಲ. ಸಾಲ ತಗೊಳ್ಳೋರೇ ಇವರು."

ಅವರು ಟೇಲರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಗಲಿ. ಆದ್ರೂ ಮಾತಾಡಲ್ಲ. ನಿಯಮ ಅಂದ್ರೆ ನಿಯಮ."

ಇಂಥವರ ಬಳಿ ಬೇಡಿಕೊಂಡರೆ ಪ್ರಯೋಜನವಿಲ್ಲ. ಇವರ ಕೆಲಸಕ್ಕೆ ಹುಳುಕು ಹೇಳಬೇಕು. ನಾನು ಎದ್ದು ಕೈಚೀಲ ಹೆಗಲಿಗೇರಿಸಿದೆ.

"ಸರಿ ಬಿಡಿ. ಏಜೆಂಟು ಹೇಳಿದ್ದೇ ನಿಜ ಇರಬೇಕು. ವಯಸ್ಸಾಯ್ತು, ಎಡ ಬಲ ಗೊತ್ತಾಗಲ್ಲ, ಕಾರಲ್ಲೇ ಕೂತು ವರದಿ ಬರೀತಾರೆ ಅಂದ."

ಅವರ ಮುಖ ಕೆಂಪಗಾಯಿತು. "ಯಾರು? ಯಾರಂದಿದ್ದು? ಮೂವತ್ತನಾಲ್ಕು ವರ್ಷ! ಮೂವತ್ತನಾಲ್ಕು ವರ್ಷದಲ್ಲಿ ನಾನು ಒಳಗೆ ಕಾಲಿಡದೆ ಒಂದು ಮನೆಗೂ ಬೆಲೆ ಕಟ್ಟಿಲ್ಲ!"

"ಹಾಗಾದ್ರೆ ಅಡುಗೆಮನೆ ಎಡಕ್ಕಿದೆ, ನೀವು ಬಲಕ್ಕೆ ಬರೆದಿದೀರಿ. ಕಿಟಕಿ ನಲವತ್ತೊಂಬತ್ತೂವರೆ ಇದೆ, ಮೂವತ್ತೆಂಟು ಬರೆದಿದೀರಿ. ನಾನೇನಂತ ತಿಳ್ಕೊಳ್ಳಲಿ?"

"ಮೂವತ್ತೆಂಟೇ! ಬಲಕ್ಕೇ!" ಮೇಜಿನ ಖಾನೆ ಎಳೆದ ರಭಸಕ್ಕೆ ಒಳಗಿದ್ದ ಪೆನ್ಸಿಲುಗಳೆಲ್ಲ ಉರುಳಿದವು. ದಪ್ಪ ರಟ್ಟಿನ ಉದ್ದನೆಯ ಪುಸ್ತಕ ಹೊರಬಂತು. "ಅದೂ ನಾನು ಬರೆದ ಅಂಕಿ ಅಲ್ಲ ಅಮ್ಮ. ಪಾರ್ಟಿ ಕೈಯಲ್ಲಿ ಬರೆಸಿದ್ದು."

"ಅಂದ್ರೆ?"

ಹತ್ತು ವರ್ಷದ ಹಿಂದೆ ಒಬ್ಬ ಸಾಲಗಾರ, ನೀವು ಅಳತೆ ಕದ್ದಿರಿ, ಅದಕ್ಕೇ ನನಗೆ ಸಾಲ ಕಮ್ಮಿ ಬಂತು ಎಂದು ಅವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದ್ದನಂತೆ. ಅಂದಿನಿಂದ ಅವರದ್ದೊಂದು ಕ್ರಮ. ಟೇಪಿನ ಒಂದು ತುದಿ ಗೋಡೆಗೆ ಒತ್ತಿ ಇವರು ಹಿಡಿಯುತ್ತಾರೆ. ಇನ್ನೊಂದು ತುದಿ ಮನೆ ಕೊಳ್ಳುವವರ ಕೈಗೆ. ಅಂಕಿ ಓದುವವರು ಅವರು, ಪುಸ್ತಕದಲ್ಲಿ ಬರೆಯುವವರೂ ಅವರೇ. ಇವರು ಪಕ್ಕದಲ್ಲಿ ಒಂದು ಟಿಕ್ಕು ಹಾಕುತ್ತಾರೆ. ಆಮೇಲೆ ಇವರು ಅದನ್ನು ನೋಡಿಕೊಂಡು ವರದಿ ತಯಾರಿಸುತ್ತಾರೆ. ನಾನು ಹತ್ತೊಂಬತ್ತು ವರ್ಷ ಇವರ ವರದಿಗಳನ್ನು ಓದಿದ್ದೆ, ಆದರೆ ಈ ಪುಸ್ತಕದ ಬಗ್ಗೆ ಕೇಳಿರಲೇ ಇಲ್ಲ.

"ಪಾರ್ಟಿ ಅಂದ್ರೆ ಏಜೆಂಟಾ?" ಎಂದೆ.

"ಏಜೆಂಟುಗಳನ್ನ ಗೇಟಿನ ಹೊರಗೇ ನಿಲ್ಲಿಸ್ತೀನಿ. ಸಾಲಕ್ಕೆ ಅರ್ಜಿ ಹಾಕ್ದೋರೇ ಬರ್ಬೇಕು, ಗುರುತಿನ ಚೀಟಿ ನೋಡ್ತೀನಿ. ನೋಡ್ಕೊಳ್ಳಿ."

ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. ಹನ್ನೆರಡನೇ ನಂಬರು ಮನೆ, ಮೂರು ವಾರದ ಹಿಂದಿನ ತಾರೀಖು. ಕೋಣೆಗಳ ಹೆಸರು ಅವರ ಅಚ್ಚುಕಟ್ಟಾದ ಅಕ್ಷರದಲ್ಲಿ. ಮುಂದಿನ ಅಂಕಿಗಳು ಬೇರೆಯ ಕೈಯವು, ಚಿಕ್ಕವು, ಬಲಕ್ಕೆ ವಾಲಿದವು.

ಹಜಾರದ ಅಗಲದ ಮುಂದೆ, ಅಡಿಯ ಪಕ್ಕದಲ್ಲಿ ಏಳು ಇಂಚು. ಏಳರ ತಲೆಯ ಮೇಲೆ ಒಂದು ಚುಕ್ಕೆ.

ಮಲಗುವ ಕೋಣೆಯ ಮುಂದೆ ನಾಲ್ಕು. ಅದರ ಕೆಳಗೆ ಒಂದು ಗೀಟು.

ನನಗೆ ಕಂಡದ್ದು ಟೇಲರಮ್ಮನಿಗೂ ಕಂಡಿತು. ಅವಳು ಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಈ ಚುಕ್ಕೆ ಏನಂತ ನಾನೂ ಕೇಳಿದ್ದೆ," ಎಂದರು ವ್ಯಾಲ್ಯುಯರ್, ಸ್ವಲ್ಪ ತಣ್ಣಗಾಗಿ. "ಅರ್ಧ ಇಂಚು ಅಂದ್ರು. ನಮ್ಮನೇಲಿ ಹೀಗೇ ಬರಿಯೋದು ಅಂದ್ರು."

"ನನ್ನ ತಂಗಿ," ಎಂದಳು ಟೇಲರಮ್ಮ. "ಅವಳು ಓದ್ತಿದ್ದಾಗ ಸಂಜೆ ಹೊತ್ತು ಅಂಗಡೀಲಿ ಕೂತು ಚೀಟಿ ಬರೀತಿದ್ಲು. ನಾನೇ ಕಲಿಸಿದ್ದು."

ಕೆಳಗಿನ ಅಂಗಡಿಯಲ್ಲಿ ಯಾರೋ ನಲ್ಲಿಗೆ ಚೌಕಾಸಿ ಮಾಡುತ್ತಿದ್ದರು.

ನನಗೆ ಸಿಟ್ಟು ಬಂತು. ಬೆಣ್ಣೆಯಂಥವರು ಟೋಪಿ ಹಾಕುವುದು ಇದ್ದದ್ದೇ, ಅದು ಅವರ ಹೊಟ್ಟೆಪಾಡು. ಒಡಹುಟ್ಟಿದವಳು ಮೂರು ವಾರದ ಹಿಂದೆಯೇ ಆ ಬಿರುಕುಬಿಟ್ಟ ಮನೆಯೊಳಗೆ ನಿಂತು ಟೇಪು ಹಿಡಿದು, ಸಂಜೆ ಮನೆಗೆ ಬಂದು ಅಕ್ಕನ ಜೊತೆ ಪರದೆಯ ಬಣ್ಣ ಯಾವುದಿರಲಿ ಎಂದು ಮಾತಾಡಿದ್ದಾಳೆ. ಟೇಲರಮ್ಮ ನನಗೆ ಹೇಳಿದ್ದಳು, ಹಸಿರು ಬೇಡ ಅಂದವಳೇ ತಂಗಿ.

ಆದರೆ ಸಿಟ್ಟಿನಲ್ಲಿ ಕಣ್ಣು ಮಂಜಾಗಬಾರದು. ನಾನು ಮತ್ತೆ ಪುಸ್ತಕ ನೋಡಿದೆ. ಎಲ್ಲ ಅಂಕಿಗಳೂ ತಂಗಿಯವು, ಒಂದನ್ನು ಬಿಟ್ಟು. ಹಿಂದಿನ ಕೋಣೆ, ಹತ್ತು ಅಡಿಗೆ ಹನ್ನೊಂದು. ಚುಕ್ಕೆಯೂ ಇಲ್ಲ, ಗೀಟೂ ಇಲ್ಲ. ಕೋಣೆಯ ಹೆಸರು ಬರೆದ ಅದೇ ದುಂಡು ಅಕ್ಷರ.

"ಇದು ನಿಮ್ಮ ಕೈಬರಹ."

ವ್ಯಾಲ್ಯುಯರ್ ಪುಸ್ತಕ ಮುಚ್ಚಲು ಹೋದರು. ನಾನು ಅಂಗೈ ಅಡ್ಡ ಇಟ್ಟೆ.

"ಒಳಗೆ ಕಾಲಿಡದೆ ಬೆಲೆ ಕಟ್ಟಿಲ್ಲ ಅಂದ್ರಿ."

"ಮನೆಗೆ ಕಾಲಿಟ್ಟಿದೀನಲ್ಲ."

"ಕೋಣೆಗೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಅದಕ್ಕೆ ಬೀಗ ಇತ್ತು. ಕೀಲಿ ಓನರ್ ಹತ್ರ ಇದೆ, ಅವರು ಊರಲ್ಲಿಲ್ಲ ಅಂದ್ರು ಆ ಹುಡುಗಿ. ಹೊರಗಡೆಯಿಂದ ಗೋಡೆ ಅಳೆದು, ದಪ್ಪ ಕಳೆದು ಬರೆದೆ. ಎಲ್ಲರೂ ಮಾಡ್ತಾರೆ."

"ಎಲ್ಲರೂ ಮಾಡ್ತಾರೆ ಅನ್ನೋದು ಮೂವತ್ತನಾಲ್ಕು ವರ್ಷದಲ್ಲಿ ಎಷ್ಟನೇ ಸಲ?"

"ಮೊದಲನೇ ಸಲ," ಎಂದರು ಸಣ್ಣ ದನಿಯಲ್ಲಿ. ನನಗೆ ನಂಬಿಕೆ ಬಂತು. ಆಮೇಲೆ ತಾವಾಗಿಯೇ ಸೇರಿಸಿದರು: "ಬೀಗ ಹೊಸದು. ಮನೆಯೆಲ್ಲ ಧೂಳು, ಆ ಬೀಗದ ಮೇಲೆ ಮಾತ್ರ ಇರಲಿಲ್ಲ. ಆಗಲೇ ಕೇಳ್ಬೇಕಿತ್ತು."

ನನ್ನ ಒತ್ತಾಯಕ್ಕೆ ಅವರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು: ತಾವು ಅಳೆದದ್ದು ಬಿರುಕುಬಿಟ್ಟ ಮನೆಯನ್ನು, ಆ ದಿನ ಹನ್ನೆರಡರ ಫಲಕ ಇದ್ದದ್ದು ಅದರ ಗೇಟಿನ ಮೇಲೆ, ಬೇಕಾದರೆ ಫೋಟೋ ಇದೆ. ಸಹಿ, ಮೊಹರು, ತಾರೀಖು. ಬೆಣ್ಣೆಯನ್ನು ಕರಗಿಸಲು ಅಷ್ಟು ಸಾಕಾಗಿತ್ತು. ಮುಂಗಡ ವಾಪಸು ಬರುತ್ತದೆ ಎಂದು ನನಗೆ ಧೈರ್ಯ ಬಂತು.

ಟೇಲರಮ್ಮನಿಗೆ ಮಾತ್ರ ಯಾವ ಸಮಾಧಾನವೂ ಆಗಲಿಲ್ಲ. ಮೆಟ್ಟಿಲಿಳಿಯುತ್ತಲೇ ತಂಗಿಗೆ ಫೋನು ಹಚ್ಚಿದಳು. ಗಂಟೆ ಹೊಡೆದು ಹೊಡೆದು ನಿಂತಿತು.

"ಬ್ಯಾಂಕಿಗೆ ಹೋಗೋಣ," ಎಂದೆ. "ಮ್ಯಾನೇಜರ್ ಕೈಗೆ ಈ ಕಾಗದ ಕೊಟ್ಟು ಚೆಕ್ಕು ತಡೆಯೋಣ."

"ಚೆಕ್ಕು ನಾಳೆ ತಾನೆ? ನಾಳೆವರೆಗೆ ಎಲ್ಲೂ ಹೋಗಲ್ಲ. ಮೊದಲು ಆ ಮನೆ ನೋಡ್ಬೇಕು ನಾನು."

"ಅದಕ್ಕೆ ಕೀಲಿ ಇಲ್ಲ."

"ಹೊರಗಿಂದಾನೇ ನೋಡ್ತೀನಿ. ನನ್ನ ತಂಗಿ ನನ್ನ ಹತ್ರ ಒಂದು ಗುಂಡಿಯ ಲೆಕ್ಕ ಕೂಡ ಮುಚ್ಚಿಟ್ಟೋಳಲ್ಲ ಮೇಡಂ. ನಾನೇ ಎತ್ತಿ ಆಡಿಸಿ ಬೆಳೆಸಿದೋಳು. ಅವಳು ಸುಳ್ಳು ಹೇಳಿದಾಳೆ ಅಂದ್ರೆ ಆ ಮನೇಲಿ ಏನೋ ಇದೆ."

ಬ್ಯಾಂಕಿಗೇ ಹೋಗಬೇಕಿತ್ತು. ಅವಳ ಮುಖ ನೋಡಿ ಹಟ ಮಾಡಲು ನನಗೆ ಮನಸ್ಸಾಗಲಿಲ್ಲ.

ಮಧ್ಯಾಹ್ನದ ಮೂರೂಕಾಲು. ಬೀದಿಯಲ್ಲಿ ಜನ ಕಡಿಮೆ. ಬಿರುಕಿನ ಮನೆಯ ಗೇಟು ತಳ್ಳಿದರೆ ಸದ್ದಿಲ್ಲದೆ ತೆರೆಯಿತು. ವರ್ಷಗಟ್ಟಲೆ ಮುಚ್ಚಿದ ಮನೆಯ ಗೇಟು ಕಿರುಗುಟ್ಟಬೇಕು. ಇದರ ಕೀಲುಗಳಿಗೆ ಯಾರೋ ಎಣ್ಣೆ ಬಿಟ್ಟಿದ್ದರು.

ಜಗಲಿಯ ಪಕ್ಕದಲ್ಲಿ ಕರೆಂಟಿನ ಮೀಟರು. ಗಾಜಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿದೆ. ಒಳಗಿನ ತಗಡಿನ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಅದರ ಮೇಲಿನ ಕೆಂಪು ಗುರುತು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಫ್ಯಾನೋ ದೀಪವೋ, ಏನೋ ಒಂದು ಓಡುತ್ತಿದೆ.

"ಒಳಗೆ ಯಾರೋ ಇದಾರೆ," ಎಂದು ಪಿಸುಗುಟ್ಟಿದೆ.

ಆಗ ಟೇಲರಮ್ಮನ ಫೋನು ಬಡಿದುಕೊಂಡಿತು. ತಂಗಿ. ನನಗೂ ಕೇಳಿಸಲಿ ಎಂದು ಅವಳು ಸ್ಪೀಕರ್ ಒತ್ತಿದಳು.

"ಅಕ್ಕ, ಫೋನ್ ಮಾಡಿದ್ಯಾ? ಬ್ಯಾಂಕಲ್ಲಿದ್ದೆ, ಎತ್ತೋಕಾಗಲಿಲ್ಲ."

"ಬ್ಯಾಂಕಲ್ಲಾ? ನಾಳೆ ಅಲ್ವಾ?"

"ಒಂದು ದಿನ ಮುಂಚೆ ಮಾಡಿಸ್ಕೊಂಡೆ. ಚೆಕ್ಕು ಆಯ್ತು. ಏಜೆಂಟು ತಗೊಂಡು ಹೋದ."

ನಾನು ತಡೆಯಲಾರದೆ ಮಧ್ಯೆ ಬಾಯಿ ಹಾಕಿದೆ. "ಅಕ್ಕನ ಸಹಿ ಇಲ್ದೆ ಹೇಗೆ ಕೊಟ್ರು?"

"ಅಕ್ಕನ ಸಹಿ ಮೊದಲೇ ಇದೆಯಂತೆ ಮೇಡಂ. ಅರ್ಜಿ ಕಟ್ಟಿನಲ್ಲಿ. ಇಬ್ಬರಲ್ಲಿ ಯಾರೊಬ್ಬರು ಬಂದ್ರೂ ಚೆಕ್ಕು ಕೊಡಬಹುದು ಅನ್ನೋ ಹಾಳೆ."

ಆ ಹಾಳೆ ನನಗೆ ಚೆನ್ನಾಗಿ ಗೊತ್ತು. ನಲವತ್ತು ಕಡೆ ಸಹಿ ಹಾಕಿಸುವ ಕಟ್ಟಿನಲ್ಲಿ ಕೊನೆಗೆ ಬರುವ, ಯಾರೂ ಓದದ ಹಾಳೆ. ಹತ್ತೊಂಬತ್ತು ವರ್ಷ ನಾನೇ ಸಾವಿರಾರು ಜನರಿಗೆ ಬೆರಳು ತೋರಿಸಿ, "ಇಲ್ಲೊಂದು, ಇಲ್ಲೊಂದು, ಅಷ್ಟೇ," ಎಂದು ಅದಕ್ಕೆ ಸಹಿ ಹಾಕಿಸಿದ್ದೆ. ಟೇಲರಮ್ಮನ ಕಾಗದಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದವಳು ಅದೊಂದನ್ನು ಮಾಮೂಲು ಎಂದು ತಿರುವಿ ಹಾಕಿದ್ದೆ. ನಾಚಿಕೆಯಾಯಿತು.

"ಯಾಕೆ ಹೀಗೆ ಮಾಡ್ದೆ?" ಟೇಲರಮ್ಮನ ದನಿ ಏರಲಿಲ್ಲ. "ನಾನು ನೋಡಿದ ಮನೆ ಬೇರೆ, ನೀನು ಅಳೆದ ಮನೆ ಬೇರೆ. ನಿಂಗೊತ್ತಿತ್ತು. ತಮ್ಮನ ದುಡ್ಡು ಕಣೇ ಅದು. ಅವನ ಪ್ರಾಣದ ದುಡ್ಡು."

"ಗೊತ್ತಿತ್ತು ಅಕ್ಕ."

"ಗೊತ್ತಿದ್ದೂ ಈ ಬಿರುಕುಬಿಟ್ಟ ಮನೆ ನನ್ನ ತಲೆಗೆ ಕಟ್ಟಿದ್ಯಾ?"

"ಬೇರೆ ಯಾರಾದ್ರೂ ಕೊಂಡ್ಕೊಂಡಿದ್ರೆ ಒಳಗಿರೋರನ್ನ ಬೀದಿಗೆ ಹಾಕ್ತಿದ್ರು. ನಿಂಗೆ ಮೊದ್ಲೇ ಹೇಳಿದ್ರೆ ನೀನು ಬ್ಯಾಂಕಿನೋರ ಎದುರು ಸುಳ್ಳು ಹೇಳೋಕಾಗ್ದೆ ಎಲ್ಲಾ ಒದರಿಬಿಡ್ತಿದ್ದೆ. ಅದಕ್ಕೇ ಹೇಳಲಿಲ್ಲ." ತಂಗಿ ಅಳುತ್ತಿದ್ದಳು. "ಆ ಮನೇಲಿ ಯಾರಿದಾರೆ ಅಂತ ಗೊತ್ತಿದ್ದಿದ್ರೆ ನನಗಿಂತ ಮುಂಚೆ ನೀನೇ ಓಡಿಹೋಗಿ ಸಹಿ ಹಾಕ್ತಿದ್ದೆ."

"ಯಾರಿದಾರೆ?"

ತಂಗಿ ಉತ್ತರ ಕೊಡುವ ಮುಂಚೆ ನಮ್ಮ ಮುಂದಿನ ಬಾಗಿಲಿನ ಚಿಲಕ ಒಳಗಿನಿಂದ ಸರಿಯಿತು.

ಬಾಗಿಲು ಒಂದು ಗೇಣು ತೆರೆಯಿತು. ಮೂವತ್ತೈದರ ಆಸುಪಾಸಿನ ಗಂಡಸು, ಗಡ್ಡ ಬಿಟ್ಟವನು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಅಂಗಿ ಮೈಮೇಲೆ ಜೋತುಬಿದ್ದಿತ್ತು.

"ಒಳಗೆ ಬಾ ಅಕ್ಕ," ಎಂದ. "ಬೀದೀಲಿ ಜೋರಾಗಿ ಮಾತಾಡ್ಬೇಡ."

ಟೇಲರಮ್ಮನ ಕೈಯಿಂದ ಫೋನು ಜಾರಿ ಜಗಲಿಯ ಮೇಲೆ ಬಿತ್ತು. ಅದರೊಳಗಿನಿಂದ ತಂಗಿಯ ದನಿ "ಅಕ್ಕಾ, ಅಕ್ಕಾ" ಎನ್ನುತ್ತಲೇ ಇತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಅವನ ಎರಡೂ ಭುಜ ಹಿಡಿದಳು.

"ಎಷ್ಟು ಇಳಿದುಹೋಗಿದೀಯೋ," ಎಂದಳು.

ಮುಂಗಡದ ಹಣ ಎಲ್ಲಿಂದ ಬಂತು ಎಂದು ಬ್ಯಾಂಕು ಎಲ್ಲರನ್ನೂ ಕೇಳುತ್ತದೆ, ಅದಕ್ಕೆ ದಾಖಲೆ ಬೇಡುತ್ತದೆ. ಅದಕ್ಕಾಗಿ ಸಾಲದ ಫೈಲಿನ ಹದಿನಾರನೇ ಹಾಳೆಯಾಗಿ ಇವನ ಮರಣ ಪ್ರಮಾಣಪತ್ರವನ್ನು ಲಗತ್ತಿಸಿದ್ದರು. ಟೇಲರಮ್ಮನ ಕಾಗದ ನೋಡಿಕೊಡುವಾಗ ಅದು ಅಸಲಿ ಎಂದು ಪಕ್ಕದಲ್ಲಿ ಗುರುತು ಹಾಕಿ ಕೊಟ್ಟವಳು ನಾನೇ.